ಹಸಿರು ಬಟ್ಟೆಯ ಮೇಲಿನ ಬಿಳಿ ಬಟ್ಟೆ

ನಮ್ಮ ಮನೆಯ ಕೊಡೆಗಳೆಲ್ಲ ಚಪ್ಪಲಿ ಹಾಕಿಕೊಂಡಿವೆ. ಊರುಗೋಲಿನ ತುದಿಗೆ ಸಿಕ್ಕಿಸುವ ರಬ್ಬರ್ ಬುಷ್ ಇರುತ್ತದಲ್ಲ, ಅದನ್ನು ಬಿ.ಸಿ.ರೋಡಿನ ಮೆಡಿಕಲ್ ಅಂಗಡಿಯಿಂದ ತಂದು, ಉದ್ದ ಕೊಡೆ ಮನೆಗೆ ಬಂದ ದಿನವೇ ಅದರ ಕಬ್ಬಿಣದ ಮೊನೆಗೆ ಹಾಕಿಬಿಡುತ್ತೇನೆ. ಬಂದ ನೆಂಟರ ಕೊಡೆಗೂ ಕೆಲವೊಮ್ಮೆ ಹಾಕಿದ್ದುಂಟು. "ನಮ್ಮ ಇವರು ಮಕ್ಕಳಿಗಿಂತ ಮೊದಲು ಕೊಡೆಗೆ ಚಪ್ಪಲಿ ತಂದವರು" ಎಂದು ನನ್ನ ಹೆಂಡತಿ ಶೈಲಾ ನೆರೆಯವರಲ್ಲಿ ಹೇಳಿ ನಗುತ್ತಾಳೆ. ನಗಲಿ. ಕೊಡೆಯ ಮೊನೆ ಎಷ್ಟು ದೂರ ಹೋಗಬಲ್ಲದು ಎಂಬುದು ಮೊನ್ನೆಯವರೆಗೆ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದು ನಲವತ್ತಮೂರು ವರ್ಷ ದೂರ ಹೋಗಬಲ್ಲದು.

ಮೊದಲೇ ಹೇಳಿಬಿಡುತ್ತೇನೆ, ಹೆದರುವುದು ನನ್ನ ಕಸುಬು. ನಾನು ವಿಮೆ ಕಂಪೆನಿಯೊಂದರಲ್ಲಿದ್ದೇನೆ. ಏನೇನು ಬೀಳಬಹುದು, ಒಡೆಯಬಹುದು, ಉರಿಯಬಹುದು ಎಂದು ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಕೊಡದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ ಎಂಬ ಗುಟ್ಟು ಅವರಿಗೆ ಗೊತ್ತಾಗದಿರಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಬಂಟ್ವಾಳ ಪೇಟೆಯಿಂದ ಹಿಂದಿರುಗಿದವನು ನಾನು. ನಮ್ಮ ಮನೆಯಲ್ಲಿ ಗ್ಯಾಸ್ ಬಂದ್ ಮಾಡುವುದು ಶೈಲಾ ಎಂಬುದು ಗೇಟಿನ ಹತ್ತಿರ ಬಂದ ಮೇಲೆ ನೆನಪಾಯಿತು.

ಈ ಹೆದರಿಕೆಗೆಲ್ಲ ಮೂಲ ಒಂದು ಮೇಜು. ಮೂಡುಬಿದಿರೆಗೆ ಮೂರು ಮೈಲು ಇರುವಾಗ, ಸಿದ್ಧಕಟ್ಟೆಯ ರಸ್ತೆಯಿಂದ ಸ್ವಲ್ಪ ಒಳಗೆ, ನನ್ನ ತಾಯಿಯ ಕಡೆಯ ಗುತ್ತಿನ ಮನೆ, ಎಂದರೆ ಊರಿನ ಹಳೆಯ ಜಮೀನುದಾರರ ಮನೆ, ಉಂಟು. ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಇಳಿದು ಬರುವುದು. ಯಜಮಾನಿಕೆ ಮಾತ್ರ ಸೋದರಮಾವನದ್ದು. ನನ್ನ ಅಜ್ಜಿಯ ಅಣ್ಣ ಆಗ ಯಜಮಾನರು. ನಾವು ಮಕ್ಕಳು ಅವರನ್ನು ಯಜಮಾನಜ್ಜ ಎನ್ನುತ್ತಿದ್ದೆವು. ಅವರು ಪ್ರಾಯದಲ್ಲಿ ಮದರಾಸಿನಲ್ಲಿ ಓದಿ, ಓದು ಮುಗಿಸದೆ, ಆದರೆ ಬಿಲಿಯರ್ಡ್ಸ್ ಆಟವನ್ನು ಚೆನ್ನಾಗಿ ಮುಗಿಸಿ ಬಂದವರು. ಬಂದವರೇ ಅಂಗಳದ ಆಚೆ ಎತ್ತರದ ದಿಣ್ಣೆಯ ಮೇಲೆ, ಹದಿನಾಲ್ಕು ಕಲ್ಲಿನ ಮೆಟ್ಟಿಲು ಕಟ್ಟಿಸಿ, ಒಂದು ಬೇರೆಯೇ ಹಜಾರ ಮಾಡಿಸಿದರು. ಮೇಜು ಮದರಾಸಿನಿಂದ ಹಡಗಿನಲ್ಲಿ ಮಂಗಳೂರಿಗೆ, ಅಲ್ಲಿಂದ ಎತ್ತಿನ ಗಾಡಿಗಳಲ್ಲಿ ತುಂಡು ತುಂಡಾಗಿ ಮನೆಗೆ ಬಂತಂತೆ.

ಆದರೆ ಅದರೊಟ್ಟಿಗೆ ಬಂದ ಕಾಲುಗಳು ಯಜಮಾನಜ್ಜನಿಗೆ ಸರಿಕಾಣಲಿಲ್ಲ. "ಆಸ್ಪತ್ರೆಯ ಮಂಚದ ಕಾಲಿನ ಹಾಗೆ ಉಂಟು" ಎಂದು ಅವನ್ನು ಬದಿಗಿಟ್ಟು, ಊರಿನ ಆಚಾರಿಯನ್ನು ಕರೆಸಿ, ಇಷ್ಟು ದೊಡ್ಡ ಮನೆಗೆ ಒಪ್ಪುವ ಹಾಗೆ ಎಂಟು ಕಾಲು ಕೆತ್ತಲು ಹೇಳಿದರು. ಆಚಾರಿ ಅಲ್ಲಿಯವರೆಗೆ ಕೆತ್ತಿದ್ದು ದೈವದ ಮಂಚಗಳನ್ನು. ಗುತ್ತಿನ ಮನೆಗಳಲ್ಲಿ ದೈವದ ಕೋಣೆಯೊಳಗೆ ಸರಪಳಿಯಿಂದ ತೂಗುಬಿಟ್ಟಿರುತ್ತಾರಲ್ಲ, ಆ ಉಯ್ಯಾಲೆ ಮಂಚ. ಆತ ತನ್ನ ಕೈಗೆ ಗೊತ್ತಿದ್ದುದನ್ನೇ ಕೆತ್ತಿದ. ಪ್ರತಿ ಕಾಲಿಗೊಂದು ಸಿಂಹದ ಮುಖ, ಅದರ ಬಾಯಿಂದ ಹೊರಟ ಬಳ್ಳಿ, ಬಳ್ಳಿಯ ತುದಿಗೊಂದು ಹಂಸ. ಏಳು ಸಿಂಹಗಳು ಗಂಭೀರವಾಗಿವೆ. ಎಂಟನೆಯದಕ್ಕೆ ಸ್ವಲ್ಪ ಮಾಲುಗಣ್ಣು. ಯಾರೋ ದೊರೆ ಆಡಲು ಬರುತ್ತಾನೆಂದು ಆಚಾರಿಯನ್ನು ಅವಸರಪಡಿಸಿದ್ದರಂತೆ. ದೊರೆ ಬರಲೇ ಇಲ್ಲ. ಕಣ್ಣು ಹಾಗೇ ಉಳಿಯಿತು.

ಮನೆಯವರ ಬಾಯಲ್ಲಿ ಅದು 'ಬಿಲ್ಲಾಟದ ಮೇಜು'. ಬಿಲ್ಲು ಇದ್ದ ಮೇಲೆ ಬಾಣವೂ ಇರಲೇಬೇಕೆಂದು ನಾನು ಆ ಕೋಣೆಯ ಕಪಾಟಿನ ಅಡಿಯೆಲ್ಲ ಹುಡುಕಿದ್ದೇನೆ. ಆಡಲು ಜೊತೆಯಿಲ್ಲದೆ ಯಜಮಾನಜ್ಜ ಒಬ್ಬರೇ ಆಡುತ್ತಿದ್ದರು, ಬಲಗೈಗೂ ಎಡಗೈಗೂ ಪಂದ್ಯ ಕಟ್ಟಿ. ಎಡಗೈ ಗೆದ್ದ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವ ಹಾಗಿರಲಿಲ್ಲ. ಮಕ್ಕಳಿಗೆ ಆ ಕೋಣೆಯ ಹೊಸ್ತಿಲು ದಾಟಲಿಕ್ಕಿಲ್ಲ. ನಾವು ಬಾಗಿಲ ಸಂದಿನಿಂದ, ಹಸಿರು ಬಟ್ಟೆಯ ಮೇಲೆ ಒಂದು ಕೆಂಪು ಚೆಂಡು, ಎರಡು ಬಿಳಿ ಚೆಂಡು ಸದ್ದಿಲ್ಲದೆ ಉರುಳುವುದನ್ನು ನೋಡುತ್ತಿದ್ದೆವು. ಗದ್ದೆಯಲ್ಲಿ ಕೊಕ್ಕರೆ ನಡೆದ ಹಾಗೆ ಕಾಣುತ್ತಿತ್ತು.

ನನಗೆ ಒಂಬತ್ತು ವರ್ಷವಾಗಿದ್ದ ಬೇಸಗೆ ರಜೆಯಲ್ಲಿ ಯಜಮಾನಜ್ಜನಿಗೆ ಎದೆನೋವು ಬಂದು ಅವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ದೊಡ್ಡವರೆಲ್ಲ ಅಲ್ಲಿ. ಬಿಲ್ಲಾಟದ ಕೋಣೆಗೆ ಬೀಗ ಹಾಕಲು ಯಾರಿಗೂ ನೆನಪಾಗಿರಲಿಲ್ಲ. ನಾನು ಒಳಗೆ ಹೋದೆ. ಆಟದ ಕೋಲುಗಳು ಕಪಾಟಿನೊಳಗೆ ಬೀಗದಲ್ಲಿದ್ದವು. ಮೂಲೆಯಲ್ಲಿ ಯಜಮಾನಜ್ಜನ ಉದ್ದ ಕೊಡೆ ಇತ್ತು. ಅವರು ಮಾಡುವಂತೆಯೇ ಒಂದು ಕಣ್ಣು ಮುಚ್ಚಿ, ಬಗ್ಗಿ, ನಾಲಗೆ ಸ್ವಲ್ಪ ಹೊರಗೆ ಹಾಕಿ, ಬಿಳಿ ಚೆಂಡಿಗೆ ಗುರಿಯಿಟ್ಟು ಕೊಡೆಯಿಂದ ತಿವಿದೆ. ಚೆಂಡು ಇದ್ದಲ್ಲೇ ಇತ್ತು. ಬಟ್ಟೆ ಪರ್ ಎಂದಿತು.

ಗೇಣುದ್ದ ಹೋಗಿ ಬಲಕ್ಕೆ ತಿರುಗಿದ ಹರಕು. ಅದರೊಳಗೆ ಕಪ್ಪಾದದ್ದೇನೋ ಕಂಡಿತು. ನೋಡಲು ಧೈರ್ಯವಾಗಲಿಲ್ಲ. ಮುಚ್ಚಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಅಷ್ಟು ದೊಡ್ಡ ಮೇಜನ್ನು ಮುಚ್ಚುವ ಬಟ್ಟೆ ಎಲ್ಲಿಂದ ತರುವುದು? ಚಾವಡಿಯ ಪೆಟ್ಟಿಗೆಯಲ್ಲಿ ದೊಡ್ಡ ಬಿಳಿ ಬಟ್ಟೆಯೊಂದು ಮಡಚಿಟ್ಟಿತ್ತು. ವರ್ಷಕ್ಕೊಮ್ಮೆ ದೈವ ಕಟ್ಟಿ ಕುಣಿಯುವ ನೇಮದ ದಿನ ಚಪ್ಪರದೊಳಗೆ ಮೇಲ್ಕಟ್ಟು ಕಟ್ಟುವುದು ಅದನ್ನೇ. ಎಳೆದು ತಂದು, ಚೆಂಡುಗಳನ್ನು ಮೇಜಿನ ಮೂಲೆಯ ಕುಳಿಗೆ ತಳ್ಳಿ, ಹೊದಿಸಿದೆ. ಗಾಳಿಗೆ ಹಾರೀತೆಂದು ಹೆದರಿ (ನೋಡಿ, ಆಗಲೇ ಶುರುವಾಗಿತ್ತು) ಅದರ ಮೇಲೆ ಭಾರಕ್ಕೊಂದು ಕಂಚಿನ ಗಿಂಡೆ ಇಟ್ಟೆ. ಗಿಂಡೆ ಎಂದರೆ ಪೂಜೆಗೆ ನೀರು ತುಂಬಿಡುವ, ಮೂತಿಯಿರುವ ಚೊಂಬು. ಕೈಗೆ ಸಿಕ್ಕಿದ್ದು ಅದು.

ದೈವದ ಮಂಚದ ಕಾಲು, ದೈವದ ಮೇಲ್ಕಟ್ಟು, ಮೇಲೊಂದು ಗಿಂಡೆ. ಇನ್ನೇನು ಬೇಕು?

ಮೂರನೆಯ ದಿನ ಯಜಮಾನಜ್ಜ ತೀರಿಕೊಂಡರು. ಕೊನೆಗಳಿಗೆಯಲ್ಲಿ ಅವರ ಹತ್ತಿರವಿದ್ದದ್ದು ನನ್ನ ತಾಯಿಯ ಅಕ್ಕ, ದೊಡ್ಡಮ್ಮ. ಅವರಲ್ಲಿ ಅಜ್ಜ ಹೇಳಿದ ಮಾತು ಎರಡೇ: "ಮೇಜು ನೋಡಿಕೋ." ಮಕ್ಕಳು ಮುಟ್ಟದಂತೆ ನೋಡಿಕೋ ಎಂದಿದ್ದಿರಬೇಕು. ಎಷ್ಟು ಸರಿಯಾಗಿ ಹೆದರಿದ್ದರು ಪಾಪ! ಹದಿಮೂರು ದಿನದ ಗದ್ದಲ ಮುಗಿದು ದೊಡ್ಡಮ್ಮ ಆ ಕೋಣೆಯ ಬಾಗಿಲು ತೆರೆದಾಗ ಬಿಳಿ ಬಟ್ಟೆ ಹೊದ್ದ ಮೇಜು ಕಂಡಿತು. ಅವರು ಬಾಗಿಲಲ್ಲೇ ನಿಂತುಬಿಟ್ಟರು. ಆಸ್ಪತ್ರೆಗೆ ಹೊರಡುವ ಮೊದಲು ಯಜಮಾನರೇ ದೈವಕ್ಕೆ ಒಪ್ಪಿಸಿ ಹೋಗಿದ್ದಾರೆ ಎಂದು ಅವರಿಗೆ ಅನುಮಾನವೇ ಉಳಿಯಲಿಲ್ಲ. ಆ ಸಂಜೆ ದೀಪ ಇಟ್ಟರು. ಮರುದಿನವೂ ಇಟ್ಟರು.

ನಾನು ಹೇಳಬಹುದಿತ್ತು. ಹೇಳುವ ಎಂದು ಎಷ್ಟು ಸಲ ಬಾಯಿ ತೆರೆದಿಲ್ಲ! ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲು ದೊಡ್ಡಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹಣೆಗೆ ಕುಂಕುಮ ಹಚ್ಚಿದರು. ಈಗಲೇ ಹೇಳುವ ಎಂದುಕೊಂಡೆ. ಗಣಿತ ಕಣ್ಣೆದುರು ಬಂದು ಬಾಯಿ ಮುಚ್ಚಿತು. ಪಾಸೂ ಆದೆ. ತೊಂದರೆ ಆದದ್ದು ಅದರಿಂದಲೇ. ಆ ಮೇಲೆ, ದೈವ ನಿಜವಾಗಿಯೂ ಅಲ್ಲಿದ್ದರೆ ಎಂದು ನನಗೂ ಸ್ವಲ್ಪ ಹೆದರಿಕೆ. ಮದುವೆಯ ಮರುದಿನ ಮದುಮಗ ಮದುಮಗಳು ಹೋಗಿ ಅಡ್ಡಬಿದ್ದೆವು. ಶೈಲಾ ಭಕ್ತಿಯಿಂದ ಕಣ್ಣು ಮುಚ್ಚಿದ್ದಳು. ನಾನು ನೆಲದ ಮೇಲೆ ಮಲಗಿ ಬಿಳಿ ಬಟ್ಟೆಯ ಅಂಚು ಎಲ್ಲಾದರೂ ಸರಿದು ಹಸಿರು ಇಣುಕುತ್ತಿದೆಯೇ ಎಂದು ನೋಡುತ್ತಿದ್ದೆ. ಒಮ್ಮೆ ಬೆಳ್ತಂಗಡಿಯಿಂದ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಬಂದು, ಸಿಂಹಗಳನ್ನು ಸವರಿ, "ಒಂಚೂರು ಬಟ್ಟೆ ಎತ್ತಿ ನೋಡ್ಬಹುದಾ ಅಮ್ಮಾ?" ಎಂದು ಮೂಲೆ ಹಿಡಿದ. ದೊಡ್ಡಮ್ಮ ಹಾಕಿದ ಒಂದು ಗದರಿಕೆಗೆ ಆತ ಹದಿನಾಲ್ಕು ಮೆಟ್ಟಿಲಲ್ಲಿ ಆರನ್ನು ಮಾತ್ರ ಮುಟ್ಟಿ ಕೆಳಗಿಳಿದ. ಹಿಂದಿನಿಂದ ನಾನೂ ಇಳಿದೆ. ನನ್ನ ಅಂಗಿ ಪೂರ್ತಿ ಒದ್ದೆ.

ಹೀಗೇ ದಾಟಿಹೋಗುತ್ತಿತ್ತೇನೋ. ಆದರೆ ದೊಡ್ಡಮ್ಮನ ಮೊಣಕಾಲು ಸವೆಯಿತು.

ಅವರಿಗೀಗ ಎಪ್ಪತ್ತೆಂಟು. ಮನೆಯಲ್ಲಿ ಜನಕ್ಕೆ ಕೊರತೆಯಿಲ್ಲ. ಮಗಳು ಪ್ರಮೀಳಕ್ಕ ಅಂಗಳದಲ್ಲೇ ಶೆಡ್ ಹಾಕಿಸಿ ಮದುವೆ ಅಡುಗೆಯ ಕ್ಯಾಟರಿಂಗ್ ನಡೆಸುತ್ತಾಳೆ. ಬೆಳಿಗ್ಗೆ ಐದರಿಂದಲೇ ಕೊಪ್ಪರಿಗೆಗಳ ಸದ್ದು. ಆದರೂ ಸಂಜೆಯಾದರೆ ದೊಡ್ಡಮ್ಮ ಒಬ್ಬರೇ, ಕೈಯಲ್ಲಿ ಎಣ್ಣೆಯ ಕುಡಿಕೆ ಹಿಡಿದು, ಕಟಕಟೆ ಇಲ್ಲದ ಆ ಕಲ್ಲಿನ ಮೆಟ್ಟಿಲು ಹತ್ತುತ್ತಾರೆ. ಡಾಕ್ಟರು ಎರಡೂ ಮೊಣಕಾಲಿಗೆ ಆಪರೇಷನ್ ಆಗಲೇಬೇಕೆಂದು ಹೇಳಿ ವರ್ಷವಾಯಿತು. ಮೂರು ವಾರ ಮಂಗಳೂರಿನಲ್ಲಿರಬೇಕು. ದೊಡ್ಡಮ್ಮ ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ಕ್ಯಾನ್ಸಲ್ ಮಾಡಿಸಿದರು. ಪ್ರಮೀಳಕ್ಕ ತಾನೇ ದೀಪ ಇಡುತ್ತೇನೆಂದರೆ, "ಯಜಮಾನಜ್ಜ ಒಪ್ಪಿಸಿದ್ದು ನನಗೆ. ನಿನಗಲ್ಲ" ಎಂದರಂತೆ.

ಕಳೆದ ತಿಂಗಳು ಅವಳ ಫೋನ್ ಬಂತು. "ಅಮ್ಮ ಬಿದ್ರು ಮಾರಾಯ. ನಾಲ್ಕನೇ ಮೆಟ್ಟಿಲಿಂದ. ಕೈ ಮಾತ್ರ ತರಚಿದ್ದು, ಪುಣ್ಯ. ಎಣ್ಣೆ ಎಲ್ಲ ಚೆಲ್ಲಿ ಹೋಯ್ತು. ಬಿದ್ದಲ್ಲಿಂದ ಏನು ಹೇಳಿದ್ದು ಗೊತ್ತುಂಟಾ? ಬೇರೆ ಎಣ್ಣೆ ತಾ ಅಂತ! ಇನ್ನೊಮ್ಮೆ ಬಿದ್ರೆ ಸೊಂಟ ಮುರೀತದೆ, ಮತ್ತೆ ಏಳ್ಲಿಕ್ಕೆ ಇಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ನೀನಾದ್ರೂ ಹೇಳು ನೋಡುವ. ವಿಮೆಯವನಲ್ವಾ, ಹೆದರಿಸ್ಲಿಕ್ಕೆ ನಿನಗೆ ಬರ್ತದೆ."

ಫೋನ್ ಇಟ್ಟೆ. ಹೆದರಿದವನು ನಾನು. ಇಷ್ಟು ವರ್ಷ ನಾನು ಹೆದರಿದ್ದು ಒಂದು ಬೈಗುಳಕ್ಕೆ. ಆ ಬೈಗುಳ ತಪ್ಪಿಸಿಕೊಳ್ಳಲು ಒಬ್ಬ ಹೆಂಗಸಿನ ಎರಡು ಮೊಣಕಾಲು ಸವೆಸಿದ್ದೇನೆ. ಇದು ಯಾವ ವಿಮೆಯ ಲೆಕ್ಕಕ್ಕೂ ಬರುವುದಿಲ್ಲ. ಭಾನುವಾರ ಹೋಗಿ ಹೇಳಿಯೇ ಬಿಡುವುದು ಎಂದು ನಿಶ್ಚಯ ಮಾಡಿದೆ. ನಿಶ್ಚಯ ಗಟ್ಟಿಯಾಗಲೆಂದು ಹೊರಡುವ ಮೊದಲು ಶೈಲಾಗೆ ಹೇಳಿದೆ. ಅವಳು "ಮದುವೆ ಮರುದಿನ ನನ್ನನ್ನು ಅಡ್ಡ ಬೀಳಿಸಿದ್ದು ನಿಮ್ಮ ಹರಕು ಬಟ್ಟೆಗಾ?" ಎಂದು ಕೇಳಿ, ಬಸ್ಸಿಗೆ ತಡವಾಗುತ್ತದೆಂದು ಚೀಲ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಮಾತು ಜೋಡಿಸಿದೆ. ಸಿದ್ಧಕಟ್ಟೆ ದಾಟುವಾಗ ಪೀಠಿಕೆ ತಯಾರಾಗಿತ್ತು. ಇಳಿಯುವಾಗ ಎಲ್ಲ ಮರೆತಿತ್ತು.

ದೊಡ್ಡಮ್ಮ ಶೆಡ್ಡಿನ ಬದಿಯಲ್ಲಿ ಕುರ್ಚಿ ಹಾಕಿ ಕುಳಿತು, ಪ್ರಮೀಳಕ್ಕನ ಮರುದಿನದ ಊಟಕ್ಕೆ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ನನ್ನನ್ನು ಕಂಡವರೇ, "ಆಪರೇಷನ್ ವಿಷಯ ಆದ್ರೆ ಚಾ ಕುಡಿದು ಹೋಗು ಮಗಾ" ಎಂದರು.

"ಅದಲ್ಲ ದೊಡ್ಡಮ್ಮ. ಮೇಜಿನ ವಿಷಯ."

"ಮೇಜಿಗೆ ಏನಾಯ್ತು?"

"ಅದಕ್ಕೆ ಬಟ್ಟೆ ಹೊದಿಸಿದ್ದು ಯಜಮಾನಜ್ಜ ಅಲ್ಲ."

"ಮತ್ತೆ ಯಾರು?"

"ನಾನು."

ಕತ್ತಿ ನಿಂತಿತು. "ನೀನಾ? ಆಗ ನಿನಗೆ ಚಡ್ಡಿ ಹಾಕ್ಲಿಕ್ಕೆ ಬರ್ತಿರ್ಲಿಲ್ಲ."

"ಒಂಬತ್ತು ವರ್ಷ ಆಗಿತ್ತು ದೊಡ್ಡಮ್ಮ. ಚಡ್ಡಿ ಬರ್ತಿತ್ತು." ಅದನ್ನೇ ಮೊದಲು ಸಾಧಿಸಬೇಕೆಂದು ನನಗೇಕೆ ಅನ್ನಿಸಿತೋ ಗೊತ್ತಿಲ್ಲ. ಆಮೇಲೆ ಉಳಿದದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಕೊಡೆ, ಹರಕು, ಮೇಲ್ಕಟ್ಟು, ಗಾಳಿ, ಗಿಂಡೆ. "ಅಲ್ಲಿ ದೈವ ಇಲ್ಲ ದೊಡ್ಡಮ್ಮ, ನನ್ನ ಕಳ್ಳತನ ಮಾತ್ರ ಇರುವುದು. ನೀವು ಅದಕ್ಕಾಗಿ ಮೆಟ್ಟಿಲು ಹತ್ತಬೇಡಿ. ಬೈಯಿರಿ, ಹೊಡೆಯಿರಿ, ಆದರೆ ಆಸ್ಪತ್ರೆಗೆ ಹೋಗಿ."

ಪ್ರಮೀಳಕ್ಕ ಸೌಟು ಹಿಡಿದೇ ಬಂದು ನಿಂತಿದ್ದಳು. "ಅಯ್ಯೋ ದೇವಾ! ಪಿಯುಸಿಗೆ ನಾನು ಮೂರು ಸಲ ಅಡ್ಡಬಿದ್ದದ್ದು ಇವನ ಹರಕು ಬಟ್ಟೆಗಾ? ಅದಕ್ಕೇ ಮೂರು ಸಲವೂ ಫೇಲ್!"

"ನೀನು ಓದದೆ ಫೇಲ್ ಆದದ್ದು" ಎಂದರು ದೊಡ್ಡಮ್ಮ. "ನನ್ನ ಕೋಲು ಕೊಡು."

ಹೊಡೆಯುವುದಕ್ಕೇ ಎಂದು ನಾನು ಬೆನ್ನು ಕೊಟ್ಟು ನಿಂತೆ. ಅವರು ಕೋಲು ಊರಿ ಎದ್ದು ಅಂಗಳಕ್ಕಿಳಿದರು. ಬೇಡ ಎಂದರೆ ಕೇಳಲಿಲ್ಲ. ಪ್ರಮೀಳಕ್ಕ ಒಂದು ಕಡೆ, ನಾನೊಂದು ಕಡೆ. ಒಂದೊಂದು ಮೆಟ್ಟಿಲಿಗೂ ಅವರ ಮೊಣಕಾಲಿನಿಂದ ಹಪ್ಪಳ ಮುರಿದಂಥ ಸದ್ದು ಬರುತ್ತಿತ್ತು. ಹದಿನಾಲ್ಕು ಸಲ ಕೇಳಿದೆ. ಅದಕ್ಕಿಂತ ಬಡಿಗೆಯ ಪೆಟ್ಟು ಹಿತವಾಗುತ್ತಿತ್ತು.

ಒಳಗೆ ಹೋಗಿ ದೊಡ್ಡಮ್ಮ ಮೊದಲು ಗಿಂಡೆ ತೆಗೆದು ಕಿಟಕಿಯಲ್ಲಿಟ್ಟರು. ಆಮೇಲೆ ತಾವೇ ಬಟ್ಟೆಯ ಮೂಲೆ ಹಿಡಿದು ಎಳೆದರು. ಬೆಳಕೇ ಕಾಣದೆ ಉಳಿದ ಹಸಿರು ಆಗಷ್ಟೇ ಚಿಗುರಿದ ಗದ್ದೆಯ ಹಾಗೆ ಎದುರಿಗೆ ಬಂತು. ನಡುವೆ ನನ್ನ ಹರಕು. ನಾನು ನೆನಪಿನಲ್ಲಿ ಮೊಳದಷ್ಟು ಬೆಳೆಸಿದ್ದೆ. ಇದ್ದದ್ದು ಗೇಣಿಗಿಂತಲೂ ಕಡಿಮೆ.

ಅವರು ಹರಕಿನ ಬಾಯಿ ಅಗಲಿಸಿ ಎರಡು ಬೆರಳು ಒಳಗಿಟ್ಟರು. ಒಳಗೆ ತಡವಿದರು.

"ಇಲ್ಲಿ ಕಲ್ಲು ಉಂಟು" ಎಂದರು.

"ಅದು ಸ್ಲೇಟು ಕಲ್ಲು ದೊಡ್ಡಮ್ಮ. ಬಿಲಿಯರ್ಡ್ ಮೇಜಿಗೆಲ್ಲ ಅಡಿಯಲ್ಲಿ ಹಾಕ್ತಾರೆ. ಚೆಂಡು ಸಮ ಉರುಳ್ಲಿಕ್ಕೆ."

"ಇರಲಿ. ಎಲ್ಲ ಕಲ್ಲನ್ನೂ ಏನಾದ್ರೂ ಒಂದು ಕೆಲಸಕ್ಕೇ ತಂದಿರ್ತಾರೆ. ತೋಟದ ಮೂಲೆಯಲ್ಲಿ ನಾವು ಕೈ ಮುಗಿಯುವ ಕಲ್ಲು ಉಂಟಲ್ಲ, ಅದು ಮೊದಲು ಗಡಿಗೆ ಹಾಕಿದ್ದಂತೆ." ಬೆರಳು ಹೊರಗೆ ತೆಗೆದು ಕಣ್ಣಿಗೊತ್ತಿಕೊಂಡರು. "ಕಲ್ಲು ಮೊದಲು ಕಂಡದ್ದು ಯಾರಿಗೆ?"

"ನನಗೆ. ಆದ್ರೆ ಅದು..."

"ಬಟ್ಟೆ ಹೊದಿಸಿದ್ದು ಯಾರು?"

"ನಾನು."

"ಗಿಂಡೆ ಇಟ್ಟದ್ದು?"

ಬಾಗಿಲಲ್ಲಿ ಪ್ರಮೀಳಕ್ಕ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಮಾತು ಎಲ್ಲಿಗೆ ಹೋಗುತ್ತಿದೆಯೆಂದು ನನಗೆ ತಿಳಿಯುತ್ತಿತ್ತು, ತಪ್ಪಿಸಿಕೊಳ್ಳುವ ದಾರಿ ತಿಳಿಯುತ್ತಿರಲಿಲ್ಲ.

"ಹಾಗಾದ್ರೆ ದೀಪ ಇಡುವ ಹಕ್ಕು ನಿನ್ನದು. ನಾನು ನಲವತ್ತಮೂರು ವರ್ಷ ನಿನ್ನ ಕೆಲಸ ಮಾಡಿದ್ದು ಮಗಾ" ಎಂದರು ದೊಡ್ಡಮ್ಮ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದ ಭಾರವೊಂದನ್ನು ಸರಿಯಾದ ತಲೆ ನೋಡಿ ಇಳಿಸಿದವರ ಹಾಗೆ ಕಂಡರು. "ಪ್ರಮೀಳಾ, ಡಾಕ್ಟ್ರಿಗೆ ಫೋನ್ ಮಾಡು. ನಾಳೆ ಬರ್ತೇನೆ ಅಂತ ಹೇಳು. ದೀಪಕ್ಕೆ ಜನ ಸಿಕ್ಕಿದ್ರು. ಈ ಬಟ್ಟೆ ಒಗೆಯಲಿಕ್ಕೆ ಕೊಡು, ಧೂಳು ಕೂತಿದೆ."

"ದೊಡ್ಡಮ್ಮ, ನಾನು ಬಿ.ಸಿ.ರೋಡಿನಲ್ಲಿರುವುದು."

"ಬಸ್ಸು ಉಂಟಲ್ಲ?"

ಬಸ್ಸು ಉಂಟು. ನಾಲ್ಕೂಮುಕ್ಕಾಲಿಗೆ ಒಂದು. ಆಫೀಸಿನಲ್ಲಿ ಮೂರು ವಾರ ದಿನಾ ಬೇಗ ಹೊರಡಲು ಅರ್ಜಿ ಬರೆದೆ. ಬಿಲಿಯರ್ಡ್ ಮೇಜಿಗೆ ದೀಪ ಇಡಲಿಕ್ಕುಂಟು ಎಂದು ಬರೆಯುವುದು ಹೇಗೆ? 'ಕೌಟುಂಬಿಕ ಹೊಣೆ' ಎಂದು ಬರೆದೆ. ಮ್ಯಾನೇಜರ್ ಯಾವ ಹೊಣೆ ಎಂದು ಕೇಳಿದರು. ಬಹಳ ಹಳೆಯದು ಎಂದೆ. ದಿನ ತಪ್ಪಿಸುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದೆ. ಬಸ್ಸು ತಪ್ಪಿದರೆ ರಿಕ್ಷಾ, ರಿಕ್ಷಾ ಇಲ್ಲದಿದ್ದರೆ ಬೈಕಿನವರಿಗೆ ಕೈ ತೋರಿಸುವುದು, ಅದೂ ಇಲ್ಲದಿದ್ದರೆ ನಡೆಯುವುದು ಎಂದು ಒಂದು ಚೀಟಿಯನ್ನೂ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ.

ಸೋಮವಾರ ಸಂಜೆ ನಾನು ಹೋದಾಗ ದೊಡ್ಡಮ್ಮನೂ ಪ್ರಮೀಳಕ್ಕನೂ ಮಂಗಳೂರಿನಲ್ಲಿದ್ದರು. ಮೆಟ್ಟಿಲು ಹತ್ತಿದೆ. ಹನ್ನೊಂದನೆಯದಕ್ಕೆ ನನಗೇ ಏದುಸಿರು. ಬಟ್ಟೆ ಒಗೆಯಲು ಹೋಗಿತ್ತು; ಮೇಜು ಬರಿದೇ ಇತ್ತು. ದೊಡ್ಡಮ್ಮ ದಿನಾ ಕಾಲುದೀಪ ಇಡುವ ಸ್ಟೂಲು ಮಾಲುಗಣ್ಣಿನ ಸಿಂಹದ ಪಕ್ಕದಲ್ಲಿತ್ತು. ಎಣ್ಣೆ ಹೊಯ್ಯುವಾಗ ಚೆಲ್ಲೀತೆಂದು, ಬತ್ತಿ ಹೊತ್ತಿಸುವಾಗ ಕಿಡಿ ಹಾರೀತೆಂದು, ಹಾರಿದರೆ ನೀರು ಎಲ್ಲಿದೆಯೆಂದು ಯೋಚಿಸುತ್ತ ಮೂರು ಕಡ್ಡಿ ಹಾಳುಮಾಡಿದೆ. ನಾಲ್ಕನೆಯದಕ್ಕೆ ಹೊತ್ತಿತು.

ಆಮೇಲೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ದೊಡ್ಡಮ್ಮ ಏನೋ ಹೇಳಿಕೊಳ್ಳುತ್ತಿದ್ದರು. ಅದನ್ನು ನಾನು ಎಂದೂ ಕಿವಿಗೊಟ್ಟು ಕೇಳಿದವನಲ್ಲ. ಗಂಟಲು ಸರಿಮಾಡಿಕೊಂಡು, ಮೆಲ್ಲಗೆ, ತುಳುವಿನಲ್ಲಿ, ದೊಡ್ಡಮ್ಮನನ್ನು ಮಧ್ಯಾಹ್ನ ಅಡ್ಮಿಟ್ ಮಾಡಿದ್ದಾರೆ ಎಂದೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಮೊದಲು ಎಡಗಾಲು ಎಂದೆ. ವಯಸ್ಸು ಎಪ್ಪತ್ತೆಂಟು, ಶುಗರ್ ಸ್ವಲ್ಪ ಜಾಸ್ತಿ ಉಂಟು, ಬಿ.ಪಿ. ಪರವಾಗಿಲ್ಲ ಎಂದೆ. ಅರ್ಜಿ ತುಂಬಿಸಿದ ಹಾಗಾಯಿತು. ಇನ್ನೇನೂ ತೋಚದೆ ಕೈ ಮುಗಿದು ನಿಂತೆ. ಎಷ್ಟು ಹೊತ್ತು ನಿಂತೆನೋ. ಯಾರೂ ನೋಡುತ್ತಿರಲಿಲ್ಲ, ಆದ್ದರಿಂದ ಅದು ನಾಟಕವೂ ಆಗಿರಲಾರದು.

ಕೆಳಗಿಳಿದು ಅಂಗಳಕ್ಕೆ ಕಾಲಿಡುವಾಗ ಫೋನ್ ಹೊಡೆದುಕೊಂಡಿತು. ದೊಡ್ಡಮ್ಮ.

"ಇಟ್ಟೆಯಾ?"

"ಇಟ್ಟೆ ದೊಡ್ಡಮ್ಮ."

"ಏನು ಹೇಳಿಕೊಂಡೆ?"

"ನಿಮ್ಮ ಮೊಣಕಾಲು ಸರಿಯಾಗ್ಲಿ ಅಂತ."

"ಮೊಣಕಾಲು ಡಾಕ್ಟ್ರು ನೋಡ್ತಾರೆ ಮಾರಾಯ. ಡಾಕ್ಟ್ರ ಕೈ ನಡುಗದ ಹಾಗೆ ಮಾಡು ಅಂತ ಹೇಳ್ಬೇಕು. ಅದನ್ನು ಹೇಳಿದ್ಯಾ?"

"ಇಲ್ಲ."

"ಹೋಗಿ ಹೇಳಿ ಬಾ."

ನಾನು ಮತ್ತೆ ಹದಿನಾಲ್ಕು ಮೆಟ್ಟಿಲು ಹತ್ತಿದೆ.